ಸದ್ದಿಲ್ಲದ ದಾರಿ ಯಾರಿಗೆ?

ಸೈಕಲ್ಲಿನ ಬಗ್ಗೆ ನಮ್ಮಲ್ಲಿ ಎರಡೇ ಮಾತು ಚಾಲ್ತಿಯಲ್ಲಿವೆ. ಒಂದು, ಅದು ಬಡವನ ಗಾಡಿ. ಕೈಯಲ್ಲಿ ನಾಲ್ಕು ಕಾಸು ಆಡಿದ ಕೂಡಲೇ ಬಿಟ್ಟುಬಿಡಬೇಕಾದದ್ದು. ಇನ್ನೊಂದು, ಅದು ಸಾಹುಕಾರನ ವ್ಯಾಯಾಮ. ಭಾನುವಾರ ಬೆಳಿಗ್ಗೆ ಕಾರಿನ ಹಿಂದೆ ಕಟ್ಟಿಕೊಂಡು ಊರಾಚೆ ಹೋಗಿ, ಗುಡ್ಡದ ಬುಡದಲ್ಲಿ ಇಳಿಸಿಕೊಂಡು ತುಳಿಯುವಂಥದ್ದು. ಈ ಎರಡು ಮಾತುಗಳ ನಡುವೆ ಒಂದು ಪ್ರಶ್ನೆ ಕಳೆದುಹೋಗಿದೆ. ದಿನಾಲೂ ಹೊಟ್ಟೆಪಾಡಿಗೆ ಸೈಕಲ್ ತುಳಿಯುವವನಿಗೆ ಒಂದು ದಿನವಾದರೂ ಸುಮ್ಮನೆ, ಎಲ್ಲಿಗೂ ಮುಟ್ಟುವ ಅವಸರವಿಲ್ಲದೆ, ಹಾರ್ನ್ ಕೇಳಿಸದ ದಾರಿಯಲ್ಲಿ ತುಳಿಯಬೇಕು ಅನ್ನಿಸುವುದಿಲ್ಲವೆ? ಅನ್ನಿಸಿದರೆ ಅವನು ಎಲ್ಲಿಗೆ ಹೋಗಬೇಕು?

ಗೆಳೆಯರೇ, ಈ ಪ್ರಶ್ನೆಯನ್ನು ಭೋಸರಿಯಲ್ಲಿ ನಿಂತು ಕೇಳಬೇಕು. ಪುಣೆಗೆ ಒಂದು ಕಾಲಕ್ಕೆ ಸೈಕಲ್ಲುಗಳ ಊರು ಎಂಬ ಹೆಸರಿತ್ತು. ಪೇಟೆಗೂ ಕಾಲೇಜಿಗೂ ಕಾರ್ಖಾನೆಗೂ ಜನ ಸೈಕಲ್ಲಿನ ಮೇಲೆಯೇ ಹೋಗುತ್ತಿದ್ದರು. ಅದೇ ಊರಿನ ಪಕ್ಕದ ಆಕುರ್ಡಿಯಲ್ಲಿ ಬಜಾಜ್ ಸ್ಕೂಟರ್ ತಯಾರಾಯಿತು. 1972ರಲ್ಲಿ ರಾಣಾ ಪ್ರತಾಪನ ಕುದುರೆಯ ಹೆಸರು ಹೊತ್ತು ಚೇತಕ್ ಬಂತು. ಸೈಕಲ್ಲಿನ ಊರು ನೋಡನೋಡುತ್ತ ಸ್ಕೂಟರಿನ ಊರಾಯಿತು. ಇದಕ್ಕಾಗಿ ಯಾರನ್ನೂ ಬೈಯಬೇಕಾಗಿಲ್ಲ. ಹತ್ತು ಮೈಲಿ ತುಳಿದು ಎಂಟು ತಾಸು ಮಶೀನಿನ ಮುಂದೆ ನಿಲ್ಲುವ ಮನುಷ್ಯ ಎಂಜಿನ್ ಬೇಕು ಅಂದರೆ ಅದು ತಪ್ಪಲ್ಲ. ಆದರೆ ಎಂಜಿನ್ ಬಂದ ಮೇಲೆ, ಎಂಜಿನ್ ಇಲ್ಲದವನಿಗೆ ರಸ್ತೆಯ ಮೇಲೆ ಜಾಗವೇ ಇಲ್ಲದಂತಾಯಿತಲ್ಲ, ತಕರಾರು ಅದರ ಬಗ್ಗೆ.

ನಮ್ಮ ನಾಸಿಕ್ ರಸ್ತೆಯನ್ನೇ ನೋಡಿ. ಟ್ರಕ್ಕು, ಕಂಟೇನರು, ಟೆಂಪೊ, ಬಸ್ಸು, ಆರು ಆಸನದ ರಿಕ್ಷಾ. ತಲೆಯ ಮೇಲೊಂದು ಫ್ಲೈಓವರ್. ಅದರ ಅಂಚಿನಲ್ಲಿ ಗಟಾರದ ಕಲ್ಲಿಗೆ ಉಜ್ಜಿಕೊಂಡಂತೆ ಟಿಫಿನ್ ಡಬ್ಬಿ ತೂಗಿಸಿಕೊಂಡು ಒಬ್ಬ ಸೈಕಲ್ಲಿನವ. ಅವನು ಇಂಡಿಯವನೋ ಸಿಂದಗಿಯವನೋ ಆಳಂದದವನೋ ಆಗಿರಬಹುದು, ಎಂ.ಐ.ಡಿ.ಸಿ.ಯ ಯಾವುದೋ ಸಣ್ಣ ವರ್ಕ್‌ಶಾಪಿನಲ್ಲಿ ಪಾಳಿ ಮುಗಿಸಿ ಬರುತ್ತಿರಬಹುದು. ದೇಶದ ರಸ್ತೆ ಸಾರಿಗೆಯ ಬಗ್ಗೆ ಸಂಶೋಧನೆ, ತರಬೇತಿ ನಡೆಸುವ ಕೇಂದ್ರೀಯ ಸಂಸ್ಥೆ ಸಿ.ಐ.ಆರ್.ಟಿ. ಕೂಡ ಇದೇ ರಸ್ತೆಯ ಮೇಲೆ, ಇದೇ ಭೋಸರಿಯಲ್ಲಿದೆ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇದಕ್ಕೇ ಇರಬೇಕು.

ಈಗ ಫ್ರಾನ್ಸಿನ ಮಾತು ತೆಗೆದರೆ ‘ಅಲ್ಲಿಯ ಗಾಳಿ ಬೇರೆ, ನೀರು ಬೇರೆ, ಬಿಡ್ರಿ’ ಅನ್ನುವವರಿದ್ದಾರೆ. ಆದರೂ ತೆಗೆಯುತ್ತೇನೆ. ಸೈಕಲ್ಲಿನ ಮೇಲೆ ನಿಧಾನವಾಗಿ ಊರೂರು ತಿರುಗುವ ಹವ್ಯಾಸಕ್ಕೆ ಅಲ್ಲಿ ದೊಡ್ಡ ಪರಂಪರೆಯಿದೆ, ಮತ್ತು ಅದು ದ್ರಾಕ್ಷಿ ತೋಟದಲ್ಲಿ ಹುಟ್ಟಿದ್ದಲ್ಲ. ಸೇಂಟ್ ಎಟಿಯೆನ್ ಎಂಬ ಊರಲ್ಲಿ ಬೆಳೆಯಿತು. ಅದು ಕಲ್ಲಿದ್ದಲು, ಬಂದೂಕು, ರೇಷ್ಮೆ ರಿಬ್ಬನ್ನುಗಳ ಊರು, ಹೊಗೆಯ ಊರು, ನಮ್ಮ ಪಿಂಪ್ರಿ-ಭೋಸರಿಯ ಬಳಗದ್ದೇ. ಅಲ್ಲಿ ರೇಷ್ಮೆ ವ್ಯಾಪಾರ ಮಾಡಿಕೊಂಡಿದ್ದ ಪಾಲ್ ದ ವೀವಿ ಎಂಬಾತ 1887ರಲ್ಲಿ ಸೈಕಲ್ಲಿಗೆಂದೇ ಒಂದು ಪತ್ರಿಕೆ ಹೊರಡಿಸಿದ. ‘ವೆಲೋಸಿಯೊ’ ಎಂಬ ಹೆಸರಲ್ಲಿ ಬರೆದ. 1930ರಲ್ಲಿ ಸಾಯುವತನಕ ಅವನು ಸಾರಿದ್ದು ಒಂದೇ: ಸೈಕಲ್ಲು ಪಂದ್ಯಕ್ಕಷ್ಟೇ ಅಲ್ಲ, ನೋಡುವುದಕ್ಕೆ, ಗುಡ್ಡ ಹತ್ತಲು ಗೇರು ಬೇಕಾದರೆ ಹಾಕಿಕೋ, ಅದರಲ್ಲಿ ನಾಚಿಕೆಯೇನಿಲ್ಲ. ಅದೇ ಹೊತ್ತಿಗೆ ಟೂರ್ ದ ಫ್ರಾನ್ಸ್ ನಡೆಸುವವರು ಗೇರು ಬದಲಿಸುವ ಯಂತ್ರ ಗಂಡಸುತನಕ್ಕೆ ಕುಂದು ಎಂಬಂತೆ 1937ರವರೆಗೆ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಪಂದ್ಯದವರಿಗೂ ಪ್ರಯಾಣದವರಿಗೂ ಇರುವ ವ್ಯತ್ಯಾಸ ಇಷ್ಟೆ.

ಇನ್ನೊಂದು ತಾರೀಖು ನಾವು ನೆನಪಿಡಬೇಕಾದದ್ದು 1936. ಆ ವರ್ಷ ದೊಡ್ಡ ಮುಷ್ಕರಗಳ ನಂತರ ಫ್ರಾನ್ಸಿನ ಕೂಲಿಕಾರರಿಗೆ ವರ್ಷಕ್ಕೆ ಎರಡು ವಾರ ಸಂಬಳ ಸಹಿತ ರಜೆ ಸಿಕ್ಕಿತು. ಸಮುದ್ರವನ್ನೇ ಕಾಣದಿದ್ದ ಮಂದಿ ಆ ಬೇಸಿಗೆಯಲ್ಲಿ ಊರು ಬಿಟ್ಟು ಹೊರಟರು. ರೈಲಿನಲ್ಲಿ ಹೋದವರು ಎಷ್ಟೋ ಜನ. ಆದರೆ ಬಹಳ ಮಂದಿ ಹೊರಟಿದ್ದು ಸೈಕಲ್ಲಿನ ಮೇಲೆ. ಗಂಡ ಹೆಂಡತಿ ಸೇರಿ ತುಳಿಯುವ ಜೋಡಿ ಸೈಕಲ್ಲಿನ ಮೇಲೂ ಹೊರಟರು. ಅಂದರೆ ಹಳ್ಳಿಯ ಹಾದಿಯ ಆ ಶಾಂತಿ ಅಲ್ಲಿನ ಕಾರ್ಖಾನೆಯವನಿಗೆ ದಾನವಾಗಿ ಬಂದಿದ್ದಲ್ಲ, ಅದು ಹೋರಾಡಿ ಪಡೆದ ರಜೆಯ ಜೊತೆಗೆ ಬಂತು.

ಇವತ್ತಿಗೂ ಅಲ್ಲಿ ಆ ಶಾಂತಿ ತಾನಾಗಿ ಉಳಿದಿಲ್ಲ, ಉಳಿಸಿಕೊಂಡಿದ್ದಾರೆ. ಹೆದ್ದಾರಿಗಳ ಜೊತೆಗೇ ಹಳ್ಳಿಯಿಂದ ಹಳ್ಳಿಗೆ ಹೋಗುವ ಸಣ್ಣ ಡಾಂಬರು ರಸ್ತೆಗಳ ಬಲೆಯೇ ಇದೆ. ಭೂಪಟದಲ್ಲಿ ಅವನ್ನು ಬೇರೆ ಬಣ್ಣದಲ್ಲಿ ತೋರಿಸುತ್ತಾರೆ. ರೈಲು ನಿಂತುಹೋದ ಕಡೆ ಹಳಿ ಕಿತ್ತು ಆ ಹಾದಿಯನ್ನು ನಡೆಯುವವರಿಗೂ ಸೈಕಲ್ಲಿನವರಿಗೂ ಬಿಟ್ಟಿದ್ದಾರೆ. ‘ಹಸಿರು ದಾರಿ’ ಎಂದು ಅದಕ್ಕೆ ಹೆಸರು. ಬರ್ಗಂಡಿ ಸೀಮೆಯಲ್ಲಿ ಜೀವ್ರಿಯಿಂದ ಕ್ಲೂನಿಗೆ ಹೋಗುವ ಹಳೆ ರೈಲು ಹಾದಿ 1997ರಲ್ಲಿ ಹೀಗೆ ತೆರೆಯಿತು. ದಕ್ಷಿಣದಲ್ಲಿ 17ನೇ ಶತಮಾನದಲ್ಲಿ ತೋಡಿದ ಮಿದಿ ಕಾಲುವೆಯಿದೆ, ಸುಮಾರು 240 ಕಿಲೋಮೀಟರು. ಹಿಂದೆ ಕುದುರೆಗಳು ದೋಣಿ ಎಳೆಯುತ್ತ ನಡೆದ ಅದರ ದಂಡೆಯ ಮೇಲೆ ಈಗ ಸೈಕಲ್ಲು ಓಡುತ್ತವೆ. ಇನ್ನು ಮೋಟಾರಿರುವ ರಸ್ತೆಯಲ್ಲೂ ಒಂದು ಕಾನೂನಿದೆ: ಸೈಕಲ್ಲನ್ನು ದಾಟುವಾಗ ಕಾರಿನವನು ಊರೊಳಗೆ ಒಂದು ಮೀಟರು, ಊರಾಚೆ ಒಂದೂವರೆ ಮೀಟರು ದೂರ ಬಿಡಬೇಕು.

ಆದರೆ ಅಲ್ಲಿಯದೆಲ್ಲ ಸ್ವರ್ಗ ಎಂದು ಬರೆದರೆ ಅದು ಪ್ರವಾಸಿ ಇಲಾಖೆಯ ಕರಪತ್ರವಾಗುತ್ತದೆ. ಆ ಹಳ್ಳಿಗಳ ನಿಶ್ಶಬ್ದದಲ್ಲಿ ಒಂದು ಪಾಲು, ಹರೆಯದವರು ಪಟ್ಟಣ ಸೇರಿದ್ದರಿಂದ ಬಂದ ನಿಶ್ಶಬ್ದ. ಶಾಲೆ ಮುಚ್ಚಿದ ಊರೂ ಸದ್ದಿಲ್ಲದೆ ಇರುತ್ತದೆ. ರೈಲು ನಿಂತ ಮೇಲೆ ತಾನೇ ಹಳಿಯ ಹಾದಿ ಖಾಲಿಯಾಗಿದ್ದು! ಈ ಮಾತು ಕನ್ನಡಿಗರಾದ ನಮಗೆ ಬೇಗ ಅರ್ಥವಾಗಬೇಕು. ನಮ್ಮ ಭೀಮಾ ತೀರದ ಎಷ್ಟೋ ಹಳ್ಳಿಗಳ ಹಾದಿ ಇವತ್ತೂ ಸೈಕಲ್ಲಿಗೆ ಹೇಳಿ ಮಾಡಿಸಿದಂತಿವೆ: ಎರಡೂ ಕಡೆ ಜೋಳದ ಹೊಲ, ನಡುನಡುವೆ ಬೇವಿನ ಮರ, ತಾಸಿಗೊಂದು ಗಾಡಿ. ಆದರೆ ಅಲ್ಲಿ ತುಳಿಯಬೇಕಾದ ಕಾಲುಗಳು ಇಲ್ಲಿ ಭೋಸರಿಯಲ್ಲಿವೆ. ಶಾಂತಿ ಇದ್ದಲ್ಲಿ ಕೂಲಿ ಇಲ್ಲ, ಕೂಲಿ ಇದ್ದಲ್ಲಿ ಶಾಂತಿ ಇಲ್ಲ. ನಮ್ಮವರ ಪಾಲಿಗೆ ಸೈಕಲ್ಲಿನ ರಾಜಕೀಯ ಅಂದರೆ ಇದೇ.

ಹಾಗಾದರೆ ಏನು ಮಾಡಬೇಕು? ‘ರಸ್ತೆ ಖಾಲಿ ಮಾಡಿಸುವುದು ನಮ್ಮ ದೇಶದಲ್ಲಿ ಆಗದ ಮಾತು’ ಅನ್ನುತ್ತಾರೆ. ಪುಣೆಯಲ್ಲಿದ್ದುಕೊಂಡು ಈ ಮಾತು ಹೇಳುವುದು ಕಷ್ಟ. ಪ್ರತಿ ವರ್ಷ ವಾರಿಯ ಕಾಲಕ್ಕೆ ಆಳಂದಿಯಿಂದ ಜ್ಞಾನೇಶ್ವರರ ಪಾಲಖಿ, ದೇಹುವಿನಿಂದ ತುಕಾರಾಮರ ಪಾಲಖಿ ಪಂಢರಪುರಕ್ಕೆ ಹೊರಡುತ್ತವೆ. ಒಂದು ನಮ್ಮ ಪಕ್ಕದ ದಿಘಿಯ ಮೇಲೆ ಹಾಯುತ್ತದೆ, ಇನ್ನೊಂದು ಆಕುರ್ಡಿಯಲ್ಲಿ ತಂಗುತ್ತದೆ. ಆ ದಿನ ಟ್ರಕ್ಕುಗಳು ಬೇರೆ ದಾರಿ ಹಿಡಿಯುತ್ತವೆ. ಪೊಲೀಸರು ನಿಲ್ಲುತ್ತಾರೆ, ಪಾಲಿಕೆ ನೀರು ಕೊಡುತ್ತದೆ. ಲಕ್ಷಗಟ್ಟಲೆ ಮಂದಿ ಹೆದ್ದಾರಿಯ ನಟ್ಟನಡುವೆ ತಾಳ ಬಾರಿಸುತ್ತ ನಡೆಯುತ್ತಾರೆ. ಊರು ಮುಳುಗುವುದಿಲ್ಲ. ಜ್ಞಾನೇಶ್ವರರು ಕರ್ನಾಟಕದವನೆಂದು ಹಾಡಿದ ವಿಠ್ಠಲನಿಗಾಗಿ ರಸ್ತೆ ಬಿಡಿಸಲು ಬರುತ್ತದೆ ಎಂದಾದರೆ, ಕರ್ನಾಟಕದಿಂದ ಬಂದ ಕೂಲಿಕಾರನಿಗಾಗಿ ಒಂದು ಗಲ್ಲಿ ಬಿಡಿಸಲು ಬಾರದೆ?

ಅದಕ್ಕೆ ಭೋಸರಿಯಲ್ಲಿ ದಿನವೂ ಸಿದ್ಧವಾಗಿದೆ. ಗುರುವಾರ. ಇಲ್ಲಿನ ಬಹಳಷ್ಟು ಕಾರ್ಖಾನೆಗಳಿಗೆ ವಾರದ ರಜೆ ಅವತ್ತೇ. ಟಿ ಬ್ಲಾಕು, ಜೆ ಬ್ಲಾಕುಗಳ ಒಳರಸ್ತೆಯಲ್ಲಿ ಗುರುವಾರ ಬೆಳಿಗ್ಗೆ ಹೋಗಿ ನೋಡಿ. ಶಟರು ಇಳಿದಿರುತ್ತವೆ, ಪ್ರೆಸ್ಸಿನ ಹೊಡೆತ ನಿಂತಿರುತ್ತದೆ, ಗುಲ್‌ಮೊಹರದ ಮೇಲೆ ಹಕ್ಕಿ ಇದ್ದದ್ದು ಅವತ್ತೇ ಗೊತ್ತಾಗುತ್ತದೆ. ಇಷ್ಟು ಅಗಲದ, ಇಷ್ಟು ನೇರದ, ಇಷ್ಟು ಖಾಲಿ ರಸ್ತೆ ಪುಣೆಯ ಪೇಟೆಯಲ್ಲೆಲ್ಲೂ ಸಿಗಲಿಕ್ಕಿಲ್ಲ. ಪಾಲಿಕೆ ಅಲ್ಲಿ ಕಂಬ ನೆಡಬೇಕಾಗಿಲ್ಲ, ಬಣ್ಣ ಬಳಿಯಬೇಕಾಗಿಲ್ಲ. ಗುರುವಾರ ಬೆಳಿಗ್ಗೆ ನಾಲ್ಕು ತಾಸು ಎರಡು ಬ್ಲಾಕಿನ ಬಾಯಿಗೆ ಅಡ್ಡಗಟ್ಟು ಇಟ್ಟು ಟ್ರಕ್ಕು ನಿಲ್ಲಿಸಿದರೆ ಸಾಕು. ಮಕ್ಕಳು ಸೈಕಲ್ ಕಲಿಯಲಿ, ಹೆಂಗಸರು ಕಲಿಯಲಿ, ರಾತ್ರಿಪಾಳಿಯವನು ಮಗಳನ್ನು ಕ್ಯಾರಿಯರ್ ಮೇಲೆ ಕೂಡ್ರಿಸಿಕೊಂಡು ಸುತ್ತಲಿ. ಆಮೇಲೆ ಮುಂದಿನ ಹೆಜ್ಜೆ: ಅಲ್ಲಿಂದ ಇಂದ್ರಾಯಣಿಯ ದಂಡೆಯವರೆಗೆ, ಆಳಂದಿಯವರೆಗೆ, ಲಾರಿ ಕಾಲಿಡದ ಒಂದು ಹಾದಿ.

‘ಇದೆಲ್ಲ ನೀರಿನ ನಲ್ಲಿಗಿಂತ, ಚಾಳಿನ ಬಾಡಿಗೆಗಿಂತ ದೊಡ್ಡದೇನು?’ ಎಂದು ಕೇಳುವ ಗೆಳೆಯರು ನಮ್ಮ ಸಂಘದಲ್ಲೇ ಇದ್ದಾರೆ. ಅವರ ಪ್ರಶ್ನೆ ಸುಳ್ಳಲ್ಲ. ಆದರೆ ನೀರು, ಬಾಡಿಗೆ, ಕೂಲಿ ಇವಷ್ಟನ್ನೇ ಬಡವನ ಬೇಡಿಕೆಯ ಪಟ್ಟಿಯಲ್ಲಿಟ್ಟು, ನೆಮ್ಮದಿ, ಗಾಳಿ, ಸುತ್ತಾಟ ಇವನ್ನು ಉಳ್ಳವನ ಪಟ್ಟಿಗೆ ಬರೆದುಕೊಟ್ಟವರು ಯಾರು? ಕವಿತೆಯಲ್ಲಿ ಬೆವರನ್ನು ಹಾಡಿ, ಆ ಬೆವರು ಆರಿಸಿಕೊಳ್ಳಲು ಒಂದು ಮರದ ನೆರಳಿನ ದಾರಿಯನ್ನು ಕೇಳದಿದ್ದರೆ ನಮ್ಮ ಬಂಡಾಯ ಅರ್ಧದ್ದು.

ಸಾಹಿತ್ಯದ ಹುಡುಗರಾದ ನಮಗೆ ಸೈಕಲ್ಲಿನಿಂದ ಇನ್ನೊಂದು ಲಾಭವೂ ಇದೆ. ಬಸ್ಸಿನ ಕಿಟಕಿಯಿಂದ ಊರು ಕಾಣುತ್ತದೆ, ಆದರೆ ಕೇಳಿಸುವುದಿಲ್ಲ. ಸೈಕಲ್ಲಿನ ವೇಗದಲ್ಲಿ ಮೋಶಿಯ ಮರಾಠಿ, ಚಿಖಲಿಯ ಹಿಂದಿ, ಯಾವುದೋ ತಗಡಿನ ಮನೆಯ ಬಾಗಿಲಲ್ಲಿ ಅವ್ವ ಮಗನನ್ನು ಬೈಯುವ ಕಲಬುರಗಿಯ ಕನ್ನಡ, ಎಲ್ಲ ಕಿವಿಗೆ ಬೀಳುತ್ತವೆ. ಆದ್ದರಿಂದ ನನ್ನ ಸೂಚನೆ ಇಷ್ಟು. ಪಾಲಿಕೆಗೆ ಅರ್ಜಿ ಬರೆಯೋಣ, ಮರಾಠಿಯಲ್ಲೂ ಕನ್ನಡದಲ್ಲೂ. ಸಹಿ ಕಾಲೇಜಿನ ಗೇಟಿನಲ್ಲಿ ಬೇಡ, ಎಂ.ಐ.ಡಿ.ಸಿ.ಯ ಗೇಟುಗಳಲ್ಲಿ ಪಾಳಿ ಬಿಡುವ ಹೊತ್ತಿಗೆ ಕೇಳೋಣ. ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಲಿ. ಒಪ್ಪುವವರು ಸೈಕಲ್ಲಿಗೆ ಗಾಳಿ ಹೊಡೆಸಿಕೊಂಡು ಗುರುವಾರ ಬರಲಿ.