ಕೋಚ್ ಹೋದರು, ಅಂಕ ಬಂತೆ?

2018ರ ಜನವರಿ 10ರಂದು ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫುಟ್‌ಬಾಲ್‌ನಲ್ಲಿ, ದೆಹಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ ಡೆಲ್ಲಿ ಡೈನಮೋಸ್ ತಂಡ ಕೇರಳ ಬ್ಲಾಸ್ಟರ್ಸ್‌ಗೆ 1–3ರಿಂದ ಸೋತಿತು. ಕೇರಳದ ಮೂರೂ ಗೋಲು ಇಯಾನ್ ಹ್ಯೂಮ್ ಅವರವು. ಅದಕ್ಕೆ ಎಂಟು ದಿನ ಮೊದಲಷ್ಟೇ ಕೇರಳದ ಕೋಚ್ ರೆನೆ ಮ್ಯೂಲೆನ್‌ಸ್ಟೀನ್ ನಿರ್ಗಮಿಸಿದ್ದರು. ಅವರ ಜಾಗಕ್ಕೆ ಬಂದಿದ್ದ ಡೇವಿಡ್ ಜೇಮ್ಸ್‌ಗೆ ಇದು ಎರಡನೇ ಪಂದ್ಯ, ಮೊದಲ ಗೆಲುವು. ಇತ್ತ ಡೈನಮೋಸ್ 9 ಪಂದ್ಯಗಳಲ್ಲಿ ಗಳಿಸಿದ್ದು ಬರೀ 4 ಅಂಕ. ನಡುವೆ ಸತತ 6 ಸೋಲು. ಆದರೂ ಸ್ಪೇನ್‌ನ ಕೋಚ್ ಮಿಗೆಲ್ ಏಂಜೆಲ್ ಪೋರ್ಚುಗಲ್ ಹುದ್ದೆಯಲ್ಲೇ ಇದ್ದರು. ಕೋಚ್ ಬದಲಿಸಿದವರು ಗೆದ್ದರು, ಬದಲಿಸದವರು ಸೋತರು ಎಂದು ತೀರ್ಮಾನಿಸಲು ಅದಕ್ಕಿಂತ ಒಳ್ಳೆಯ ರಾತ್ರಿ ಸಿಗುತ್ತಿರಲಿಲ್ಲ.

ನಾಲ್ಕೇ ದಿನ ಕಳೆದು, ಅದೇ ಅಂಗಳದಲ್ಲಿ ಡೈನಮೋಸ್ ತಂಡ ಬೆಂಗಳೂರು ಎಫ್‌ಸಿಯನ್ನು 2–0ಯಿಂದ ಮಣಿಸಿತು. ಆ ಋತುವಿನ ಲೀಗ್ ಹಂತದಲ್ಲಿ ಅಗ್ರಸ್ಥಾನ ಪಡೆದ ಬೆಂಗಳೂರನ್ನು! ಅಲ್ಲಿಂದ ಕೊನೆಯವರೆಗಿನ 9 ಪಂದ್ಯಗಳಲ್ಲಿ ಡೆಲ್ಲಿ ಗಳಿಸಿದ್ದು 15 ಅಂಕ. ಮುಂಬೈ ಸಿಟಿ ವಿರುದ್ಧ 5 ಗೋಲು, ಎಟಿಕೆ ವಿರುದ್ಧ 4 ಗೋಲು ಬಂದವು. ಜೇಮ್ಸ್ ಕೈಗೆ ಬಂದ ಮೇಲೆ ಕೇರಳ 11 ಪಂದ್ಯಗಳಲ್ಲಿ 18 ಅಂಕ ಗಳಿಸಿತು. ಭಾಗಿಸಿ ನೋಡಿದರೆ ಎರಡೂ ತಂಡಗಳದ್ದು ಪಂದ್ಯಕ್ಕೆ 1.6 ಅಂಕದ ಆಸುಪಾಸು. ಕೂದಲೆಳೆಯಷ್ಟು ಮುಂದಿರುವುದು ಕೋಚ್ ಬದಲಿಸದ ಡೆಲ್ಲಿಯೇ. ಕೇರಳ 6ನೇ ಸ್ಥಾನ, ಡೆಲ್ಲಿ 8ನೇ ಸ್ಥಾನ. ಸೆಮಿಫೈನಲ್ ಇಬ್ಬರಿಗೂ ಸಿಗಲಿಲ್ಲ.

ಎರಡು ತಂಡಗಳ ಒಂದು ಋತು ಪುರಾವೆಯಾಗದು ಎನ್ನುವುದು ನ್ಯಾಯವಾದ ಆಕ್ಷೇಪ. ನೆದರ್ಲೆಂಡ್ಸ್‌ನ ಅರ್ಥಶಾಸ್ತ್ರಜ್ಞ ಯಾನ್ ವಾನ್ ಔರ್ಸ್ ಮತ್ತು ಸಂಗಡಿಗರೊಬ್ಬರು ಅಲ್ಲಿನ ಅಗ್ರ ಲೀಗ್‌ನ 14 ಋತುಗಳನ್ನು ಹೀಗೇ ಜಾಲಾಡಿ, 2016ರಲ್ಲಿ ಅಧ್ಯಯನ ಪ್ರಕಟಿಸಿದರು. ಋತುವಿನ ನಡುವೆ ಕೋಚ್‌ನನ್ನು ಕಳಿಸಿದ ತಂಡಗಳು ನಂತರ ಚೇತರಿಸಿಕೊಂಡದ್ದು ನಿಜ. ಆದರೆ ಅಷ್ಟೇ ಕೆಟ್ಟ ಸ್ಥಿತಿಯಲ್ಲಿದ್ದೂ ಕೋಚ್‌ನನ್ನು ಉಳಿಸಿಕೊಂಡ ತಂಡಗಳೂ ಅಷ್ಟೇ ಚೇತರಿಸಿಕೊಂಡಿದ್ದವು. ಕೋಚ್‌ನನ್ನು ಕಿತ್ತುಹಾಕುವುದು ತಂಡ ತನ್ನ ಯೋಗ್ಯತೆಗಿಂತ ಕೆಳಗಿಳಿದಾಗಲೇ ತಾನೇ? ಗೋಲುಕಂಬಕ್ಕೆ ಬಡಿದ ಚೆಂಡು, ಗಾಯಾಳುಗಳು, ಸಾಲುಸಾಲಾಗಿ ಬಂದ ಬಲಿಷ್ಠ ಎದುರಾಳಿಗಳು ಎಲ್ಲ ಸೇರಿ ತಳ ಮುಟ್ಟಿಸಿದ ತಂಡ ಅಲ್ಲಿಂದ ಮೇಲೇರುವುದೇ ಹೆಚ್ಚು. ಆ ಹೊತ್ತಿಗೆ ಹೊಸಬರು ಬಂದಿರುತ್ತಾರೆ. ಕಾಗೆ ಕೂತಿತು, ಕೊಂಬೆ ಮುರಿಯಿತು.

ಹಾಗಾದರೆ ಕೋಚ್ ಲೆಕ್ಕಕ್ಕೇ ಇಲ್ಲವೇ? ಅಷ್ಟು ದೂರ ಹೋಗಲಾರೆ. 2021ರ ಜನವರಿಯಲ್ಲಿ, ಕೋವಿಡ್‌ನಿಂದಾಗಿ ಐಎಸ್‌ಎಲ್ ಪೂರ್ತಿಯಾಗಿ ಗೋವಾದಲ್ಲೇ ನಡೆಯುತ್ತಿದ್ದಾಗ, ಒಂದು ವಾರದೊಳಗೆ ಎರಡು ತಂಡಗಳು ಕೋಚ್‌ಗಳನ್ನು ಬದಲಿಸಿದವು. ಎರಡೂ ಕಡೆ ಜವಾಬ್ದಾರಿ ಬಿದ್ದದ್ದು ಒಳಗಿನವರ ಮೇಲೆ. ತವರಿನ ಅಂಗಳ, ಪ್ರೇಕ್ಷಕರು, ಪ್ರಯಾಣದ ದಣಿವು ಇಬ್ಬರಿಗೂ ಇರಲಿಲ್ಲ. ಬೆಂಗಳೂರು ಎಫ್‌ಸಿ ಕಾರ್ಲೆಸ್ ಕ್ವಾಡ್ರಾಟ್ ಅವರಿಂದ ದೂರವಾದಾಗ 9 ಪಂದ್ಯಗಳಲ್ಲಿ 12 ಅಂಕ ಗಳಿಸಿತ್ತು. ನೌಷಾದ್ ಮೂಸಾ ಅವರ ಕೈಯಲ್ಲಿ 11 ಪಂದ್ಯಗಳಿಂದ ಬಂದದ್ದು 10. ನಾರ್ತ್‌ಈಸ್ಟ್ ಯುನೈಟೆಡ್ ಜೆರಾರ್ಡ್ ನುಸ್ ಅವರನ್ನು ಕಳಿಸಿ ಖಾಲಿದ್ ಜಮೀಲ್‌ಗೆ ತಂಡ ಒಪ್ಪಿಸಿತು. ಉಳಿದ 9 ಲೀಗ್ ಪಂದ್ಯಗಳಲ್ಲಿ ಒಂದೂ ಸೋಲಿಲ್ಲ, 21 ಅಂಕ. ಜಮೀಲ್ ಅವರ ಹಿರಿಮೆಯನ್ನು ಕಡಿಮೆ ಮಾಡುವುದು ನನ್ನ ಉದ್ದೇಶವಲ್ಲ. ಆದರೆ ಅದೇ ಜನವರಿಯಲ್ಲಿ ಅವರಿಗೆ ಡೆಶಾರ್ನ್ ಬ್ರೌನ್ ಎಂಬ ಸ್ಟ್ರೈಕರ್ ಸಿಕ್ಕಿದ್ದರು. ಮುಂಬೈ ಸಿಟಿಯನ್ನು 2–1ರಿಂದ ಸೋಲಿಸಿದ ಪಂದ್ಯದಲ್ಲಿ ಎರಡೂ ಗೋಲು ಬ್ರೌನ್ ಅವರವೇ. ಅವರನ್ನು ಬಿಟ್ಟುಕೊಟ್ಟ ಕ್ಲಬ್ ಯಾವುದು? ಬೆಂಗಳೂರು ಎಫ್‌ಸಿ.

ಆ ಜಮೀಲ್ ಅವರನ್ನೇ 2025ರ ಆಗಸ್ಟ್ 1ರಂದು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ (ಎಐಎಫ್‌ಎಫ್) ರಾಷ್ಟ್ರೀಯ ತಂಡದ ಕೋಚ್ ಮಾಡಿತು. ಏಷ್ಯಾ ಕಪ್ ಅರ್ಹತಾ ಸುತ್ತು ಆಗಲೇ ನಡೆಯುತ್ತಿತ್ತು. ಹಿಂದಿನ ಕೋಚ್ ಮನೋಲೊ ಮಾರ್ಕ್ವೆಝ್ ಅವಧಿಯ ಎರಡು ಪಂದ್ಯಗಳಲ್ಲಿ ಬಾಂಗ್ಲಾದೇಶದೊಂದಿಗೆ ಡ್ರಾ, ಹಾಂಗ್‌ಕಾಂಗ್ ಎದುರು ಸೋಲು. ಹೊಸ ಕೋಚ್‌ನೊಂದಿಗೆ ಮೊದಲ ತಿಂಗಳು ಹಬ್ಬ: ಮಧ್ಯ ಏಷ್ಯಾದ ಕಾಫಾ ಟೂರ್ನಿಯಲ್ಲಿ ತಜಕಿಸ್ತಾನದ ಎದುರು ಜಯ, ಸೆಪ್ಟೆಂಬರ್ 8ರಂದು ಪೆನಾಲ್ಟಿ ಶೂಟೌಟ್‌ನಲ್ಲಿ ಒಮಾನ್ ಎದುರು ಗೆಲುವು ಮತ್ತು ಮೂರನೇ ಸ್ಥಾನ. ಅಕ್ಟೋಬರ್‌ನಲ್ಲಿ ಮತ್ತೆ ಅರ್ಹತಾ ಸುತ್ತು: ಸಿಂಗಪುರದಲ್ಲಿ ಡ್ರಾ, ಮಡಗಾಂವ್‌ನಲ್ಲಿ ಅದೇ ಸಿಂಗಪುರದ ಎದುರು 1–2ರ ಸೋಲು. ಅಲ್ಲಿಗೆ ಅರ್ಹತೆಯ ಆಸೆ ಮುಗಿಯಿತು. ನವೆಂಬರ್‌ನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶಕ್ಕೂ ಸೋತೆವು. ಗೋಲು ಹೊಡೆಯಲು ನಿವೃತ್ತಿಯಿಂದ ಮರಳಿ ಬಂದ, ನಲವತ್ತು ದಾಟಿದ ಸುನಿಲ್ ಚೆಟ್ರಿಯನ್ನೇ ನೆಚ್ಚಬೇಕಾದ ತಂಡಕ್ಕೆ ಯಾವ ಕೋಚ್ ಬಂದು ಮೂರು ತಿಂಗಳಲ್ಲಿ ಏನು ಮಾಡಿಯಾರು?

ಇದಕ್ಕೆಲ್ಲ ದುಡ್ಡೂ ಬೇಕು. 2024ರ ಜೂನ್‌ನಲ್ಲಿ ಒಪ್ಪಂದ ಮುಗಿಯುವ ಮುನ್ನವೇ ರಾಷ್ಟ್ರೀಯ ತಂಡದ ಕೋಚ್ ಇಗೊರ್ ಸ್ಟಿಮಾಚ್ ಅವರನ್ನು ತೆಗೆದದ್ದಕ್ಕೆ ಎಐಎಫ್‌ಎಫ್ 4 ಲಕ್ಷ ಡಾಲರ್ ಪರಿಹಾರ ಒಪ್ಪಿಕೊಳ್ಳಬೇಕಾಯಿತು. ಯುರೋಪಿನ ಕ್ಲಬ್‌ಗಳಿಗಾದರೆ ಕೆಳಗಿನ ಲೀಗ್‌ಗೆ ಜಾರಿ ಆದಾಯ ಕಳೆದುಕೊಳ್ಳುವ ಭಯವಿದೆ, ಹಾಗಾಗಿ ಈ ಜೂಜಿಗೆ ಒಂದು ಅರ್ಥವಿದೆ. ಕೊನೆಯ ಸ್ಥಾನದಲ್ಲಿದ್ದರೂ ಮರುವರ್ಷ ಅದೇ ಲೀಗ್‌ನಲ್ಲಿ ಆಡಿಕೊಂಡು ಬಂದ ಐಎಸ್‌ಎಲ್ ತಂಡಗಳಿಗೆ ಯಾವ ಅವಸರವಿತ್ತೋ ತಿಳಿಯದು.

2023ರ ಡಿಸೆಂಬರ್ ನೋಡಿ. ದೆಹಲಿಯನ್ನು ತವರು ಮಾಡಿಕೊಂಡಿದ್ದ ಪಂಜಾಬ್ ಎಫ್‌ಸಿಗೆ ಮೊದಲ ಗೆಲುವು ಸಿಕ್ಕಿದ್ದೇ ಆ ತಿಂಗಳು. ಕೋಚ್ ಸ್ಟೈಕೋಸ್ ವರ್ಗೆಟಿಸ್ ಅವರನ್ನು ಕ್ಲಬ್ ಕದಲಿಸಲಿಲ್ಲ. ಅದೇ ತಿಂಗಳು ಬೆಂಗಳೂರು ಎಫ್‌ಸಿ, ಸೈಮನ್ ಗ್ರೇಸನ್ ಅವರನ್ನು ಬೀಳ್ಕೊಟ್ಟು ಜೆರಾರ್ಡ್ ಝರಗೋಝಾ ಅವರನ್ನು ಕರೆತಂದಿತು. ಹಿಂದಿನ ಋತುವಿನಲ್ಲಿ ಹೀಗೇ ಮುಗ್ಗರಿಸಿದ್ದ ಗ್ರೇಸನ್ ಅವರನ್ನು ಉಳಿಸಿಕೊಂಡಾಗ, ತಂಡ ಲೀಗ್‌ನ ಕೊನೆಯ 8 ಪಂದ್ಯಗಳನ್ನೂ ಗೆದ್ದು ಫೈನಲ್ ತಲುಪಿತ್ತು! ಈ ಬಾರಿ ಪಂಜಾಬ್ 24 ಅಂಕಗಳೊಂದಿಗೆ 8ನೇ ಸ್ಥಾನ, ಬೆಂಗಳೂರು 22 ಅಂಕಗಳೊಂದಿಗೆ 10ನೇ ಸ್ಥಾನ. ಝರಗೋಝಾ ನಿಜಕ್ಕೂ ಫಲ ಕೊಟ್ಟದ್ದು ಅದರ ಮರುವರ್ಷ, ಋತುಪೂರ್ವ ತರಬೇತಿಯಿಂದಲೇ ತಂಡ ಅವರ ಕೈಯಲ್ಲಿದ್ದಾಗ: ಲೀಗ್‌ನಲ್ಲಿ ಮೂರನೇ ಸ್ಥಾನ, ಏಪ್ರಿಲ್‌ನಲ್ಲಿ ಕೋಲ್ಕತ್ತದ ಫೈನಲ್. ಡಿಸೆಂಬರ್‌ನಲ್ಲಿ ಮಾಡಿದ ಆ ನೇಮಕವನ್ನು ಬೇಸಿಗೆಯಲ್ಲಿ ಮಾಡಿದ್ದರೂ ಕ್ಲಬ್ ಕಳೆದುಕೊಳ್ಳುತ್ತಿದ್ದದ್ದು ಬಹುಶಃ ಇನ್ನೊಂದೆರಡು ಸ್ಥಾನ ಮಾತ್ರ.