ಗೃಹಸ್ಥನ ಲೆಕ್ಕ: ಡೀಸೆಲೋ, ಪೆಟ್ರೋಲೋ?

ತುಮಕೂರು ನಗರದ ಸತ್ಯಮಂಗಲದಲ್ಲಿ ವಾಸವಾಗಿರುವ ಗೃಹಸ್ಥರೊಬ್ಬರು ಈಚೆಗೆ ನಮ್ಮಲ್ಲಿಗೆ ಬಂದು, ತಮ್ಮ ಮನೆಯಲ್ಲಿ ಎದ್ದಿರುವ ಒಂದು ಚರ್ಚೆಯನ್ನು ತಿಳಿಸಿದರು. ಅವರು ಸಾಲ ಮಾಡಿ ಕಾರೊಂದನ್ನು ಕೊಳ್ಳಬೇಕೆಂದಿದ್ದಾರೆ. ಗುಬ್ಬಿಯಲ್ಲಿರುವ ಅವರ ಅಣ್ಣನವರು, "ನೋಡಪ್ಪ, ಹತ್ತು ವರ್ಷದಿಂದ ಡೀಸೆಲ್ ಗಾಡಿಯಿಂದಲೇ ಅನ್ನ ಉಂಡವನು ನಾನು. ತೆಗೆದುಕೊಂಡರೆ ಡೀಸೆಲೇ ತೆಗೆದುಕೊ" ಎಂದು ಪಟ್ಟು ಹಿಡಿದಿದ್ದಾರಂತೆ. ಮನೆಯಾಕೆಯಾದರೋ, ಮಗಳ ಕಾಲೇಜಿನ ಶುಲ್ಕ ಮುಂದಿರುವಾಗ ಸಾಲದ ಮೊತ್ತವನ್ನು ಬೆಳೆಸುವುದು ಬೇಡವೆನ್ನುತ್ತಾರೆ. "ಅಣ್ಣನ ಮಾತನ್ನು ಮೀರಲಾರೆ, ಇವಳ ಮಾತನ್ನು ತೆಗೆದುಹಾಕಲಾರೆ. ತಾವೇ ಒಂದು ದಾರಿ ಹೇಳಬೇಕು" ಎಂದರು. ಇಂತಹ ಪ್ರಶ್ನೆ ನಮ್ಮ ವಾಚಕರಲ್ಲಿ ಅನೇಕರ ಮನೆಗಳಲ್ಲಿಯೂ ಇರುವುದರಿಂದ, ಅವರಿಗೆ ಹೇಳಿದ್ದನ್ನೇ ಇಲ್ಲಿ ವಿಸ್ತರಿಸಿ ಬರೆಯುತ್ತೇವೆ.

ಮೊದಲು ಯಂತ್ರಗಳ ಸ್ವಭಾವವನ್ನು ಅರಿಯುವುದು ಒಳ್ಳೆಯದು. ಪೆಟ್ರೋಲ್ ಎಂಜಿನಿನಲ್ಲಿ ಗಾಳಿಯೊಡನೆ ಬೆರೆತ ಇಂಧನಕ್ಕೆ ಒಂದು ವಿದ್ಯುತ್ ಕಿಡಿ ತಾಗಿ ಬೆಂಕಿ ಹೊತ್ತುತ್ತದೆ. ಜರ್ಮನಿಯ ನಿಕೋಲಸ್ ಆಟೋ ಎಂಬಾತನು 1876ರಲ್ಲಿ ಸಿದ್ಧಪಡಿಸಿದ ಎಂಜಿನಿನ ಕ್ರಮವೇ ಇದಕ್ಕೆ ಮೂಲ. ಡೀಸೆಲ್ ಎಂಜಿನಿಗೆ ಕಿಡಿ ಬೇಡ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಎಲ್ಲರೂ ಬಲ್ಲರಷ್ಟೆ; ಹಾಗೆಯೇ ಇಲ್ಲಿ ಗಾಳಿಯನ್ನು ಹದಿನಾರು ಹದಿನೆಂಟು ಪಾಲು ಕುಗ್ಗುವಂತೆ ಒತ್ತುವುದರಿಂದ ಅದು ಕೆಂಡದಂತೆ ಕಾಯುತ್ತದೆ, ಸಿಂಪಡಿಸಿದ ಎಣ್ಣೆಯು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ ಎಂಬ ಎಂಜಿನಿಯರನು ಇದನ್ನು 1897ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ನಡೆಸಿ ತೋರಿಸಿದನು. ಹೀಗೆ ಬಲವಾಗಿ ಒತ್ತುವುದರಿಂದ ಇಂಧನದ ಶಕ್ತಿಯಲ್ಲಿ ಹೆಚ್ಚು ಪಾಲು ಕೆಲಸಕ್ಕೆ ಒದಗುತ್ತದೆ; ಲೀಟರೊಂದರಲ್ಲಿ ಅಡಗಿರುವ ಶಕ್ತಿಯೂ ಪೆಟ್ರೋಲಿಗಿಂತ ಡೀಸೆಲಿನಲ್ಲಿ ಸೇಕಡಾ ಹತ್ತರಷ್ಟಾದರೂ ಹೆಚ್ಚು. ಆದರೆ ಆ ಒತ್ತಡವನ್ನು ತಾಳಲು ಎಂಜಿನು ದಪ್ಪವಾಗಿಯೂ ಭಾರವಾಗಿಯೂ ಇರಬೇಕು. ಆದುದರಿಂದ ಬೆಲೆಯೂ ಹೆಚ್ಚು.

ಡೀಸೆಲ್ ಕಾರಿಗೆ ನಮ್ಮಲ್ಲಿ ಬಂದ ಕೀರ್ತಿಗೆ ಯಂತ್ರದ ಗುಣವೊಂದೇ ಕಾರಣವಲ್ಲ. 2010ರ ಜೂನ್‌ನಲ್ಲಿ ಸರಕಾರವು ಪೆಟ್ರೋಲಿನ ಬೆಲೆಯ ಮೇಲಿದ್ದ ಹಿಡಿತವನ್ನು ಬಿಟ್ಟಿತು. ಡೀಸೆಲಿನ ಮೇಲಣ ಹಿಡಿತವನ್ನು 2014ರ ಅಕ್ಟೋಬರಿನವರೆಗೂ ಉಳಿಸಿಕೊಂಡಿತು. ನಡುವಣ ಆ ವರ್ಷಗಳಲ್ಲಿ, ಮುಖ್ಯವಾಗಿ 2012ರಲ್ಲಿ, ಲೀಟರೊಂದಕ್ಕೆ ಸುಮಾರು 30 ರೂಪಾಯಿಗಳ ಅಂತರವಿತ್ತು. ಅಣ್ಣನವರ ನಂಬಿಕೆ ಆ ಕಾಲದಲ್ಲಿ ಬೇರೂರಿದ್ದು. 2025ರಲ್ಲಿ ಬೆಂಗಳೂರಿನ ದರ ಪೆಟ್ರೋಲಿಗೆ ಸುಮಾರು 103, ಡೀಸೆಲಿಗೆ ಸುಮಾರು 91 ರೂಪಾಯಿ. ಅಂತರವು ಹನ್ನೆರಡಕ್ಕೆ ಇಳಿದಿತ್ತು.

ಈಗ ನಮ್ಮ ಮಿತ್ರರ ಓಡಾಟವನ್ನು ಎಣಿಸೋಣ. ಮಗಳನ್ನು ಬಿಟ್ಟುಬರುವುದು, ಅಂತರಸನಹಳ್ಳಿಯ ಮಾರುಕಟ್ಟೆಯಿಂದ ತರಕಾರಿ ತರುವುದು ಮುಂತಾಗಿ ದಿನಕ್ಕೆ ಎಂಟು ಕಿಲೋಮೀಟರು; ತಿಂಗಳಿಗೆರಡು ಸಲ ತಾಯಿಯವರನ್ನು ನೋಡಲು ಕುಣಿಗಲಿಗೆ; ವರ್ಷದಲ್ಲಿ ಹತ್ತು ಸಲ ಬೆಂಗಳೂರಿಗೆ. ಎಲ್ಲ ಕೂಡಿದರೂ ವರ್ಷಕ್ಕೆ 6,000 ಕಿಲೋಮೀಟರನ್ನು ಮೀರದು. ಪೆಟ್ರೋಲ್ ಕಾರು ಲೀಟರಿಗೆ 16 ಕಿಲೋಮೀಟರನ್ನೂ ಡೀಸೆಲ್ ಕಾರು 20 ಕಿಲೋಮೀಟರನ್ನೂ ಕೊಡುವುದೆಂದು ಇಟ್ಟುಕೊಂಡರೆ, ಮೇಲಿನ ದರದಲ್ಲಿ ಕಿಲೋಮೀಟರಿಗೆ ಪೆಟ್ರೋಲಿನ ವೆಚ್ಚ 6 ರೂಪಾಯಿ 44 ಪೈಸೆ, ಡೀಸೆಲಿನ ವೆಚ್ಚ 4 ರೂಪಾಯಿ 55 ಪೈಸೆ. ಉಳಿತಾಯ 1 ರೂಪಾಯಿ 89 ಪೈಸೆ. ವರ್ಷಕ್ಕೆ 11,340 ರೂಪಾಯಿ. ಡೀಸೆಲ್ ಕಾರಿಗೆ ತೆರಿಗೆಯೂ ಸೇರಿ 1,25,000 ರೂಪಾಯಿ ಹೆಚ್ಚು ಕೊಡಬೇಕಾದರೆ, ಆ ಹಣ ಮರಳಿ ಕೈಸೇರಲು ಹನ್ನೊಂದು ವರ್ಷ ಬೇಕು. ಅದನ್ನೂ ಸಾಲವಾಗಿಯೇ ತಂದರೆ, ಸೇಕಡಾ 9ರಂತೆ ಮೊದಲನೆಯ ವರ್ಷದ ಬಡ್ಡಿಯೇ ಹತ್ತು ಸಾವಿರವನ್ನು ಮೀರುವುದು. ಎಣ್ಣೆಯಲ್ಲಿ ಉಳಿಸಿದ್ದು ಬ್ಯಾಂಕಿಗೆ ಸಂದಾಯವಾಯಿತು!

ಇನ್ನೊಂದು ತೊಡಕೂ ಉಂಟು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ ಆರನೆಯ ನಿಯಮಗಳಿಗೆ ಹೊಂದಿಕೊಳ್ಳಲು ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಶೋಧಕವನ್ನು ಇರಿಸಿದ್ದಾರೆ. ಮಾರುತಿ ಸುಜುಕಿಯವರು ಆಗಲೇ ಡೀಸೆಲ್ ಕಾರುಗಳ ತಯಾರಿಕೆಯನ್ನು ನಿಲ್ಲಿಸಿಬಿಟ್ಟರು. ಈ ಶೋಧಕದಲ್ಲಿ ತುಂಬಿದ ಮಸಿ ಸುಟ್ಟುಹೋಗಬೇಕಾದರೆ ಗಾಡಿಯು ಆಗಾಗ ಹೆದ್ದಾರಿಯಲ್ಲಿ ಕಾಲು ಗಂಟೆಯಾದರೂ ಎಡೆಬಿಡದೆ ಓಡಿ ಕಾವೇರಬೇಕು. ಎರಡು ಮೂರು ಕಿಲೋಮೀಟರು ಹೋಗಿ ನಿಲ್ಲುವ ಕಾರಿನಲ್ಲಿ ಮಸಿಯು ಕಟ್ಟಿಕೊಂಡು ಎಚ್ಚರಿಕೆಯ ದೀಪ ಹತ್ತುತ್ತದೆ. ಆಗ ಅಲಕ್ಷ್ಯ ಮಾಡಿದರೆ ಶೋಧಕವನ್ನೇ ಬದಲಾಯಿಸಬೇಕಾಗಿ ಬಂದು ಹತ್ತಾರು ಸಾವಿರ ರೂಪಾಯಿ ವೆಚ್ಚವಾಗುವುದುಂಟು.

ಹಾಗಾದರೆ ಅಣ್ಣನವರ ಮಾತು ಸುಳ್ಳೆ? ಎಷ್ಟು ಮಾತ್ರಕ್ಕೂ ಅಲ್ಲ. ಅವರು ಗುಬ್ಬಿಯಿಂದ ಬೆಂಗಳೂರಿಗೆ ತೆಂಗಿನಕಾಯಿ ಸಾಗಿಸುವವರು. ಹೋಗಿಬರಲು 180 ಕಿಲೋಮೀಟರಿನಂತೆ ವರ್ಷದಲ್ಲಿ ನೂರೈವತ್ತು ಸಲವಾದರೆ 27,000 ಕಿಲೋಮೀಟರಾಗುತ್ತದೆ. ನಾವು ಮೇಲೆ ಹಿಡಿದ ಲೆಕ್ಕದಲ್ಲಿಯೇ ಅಷ್ಟು ಓಡಿಸುವವನಿಗೆ ಹೆಚ್ಚುವರಿ ಬೆಲೆ ಎರಡೂವರೆ ವರ್ಷದಲ್ಲಿ ಹಿಂದಿರುಗುವುದು. ಅಲ್ಲದೆ ಭಾರವನ್ನು ಹೊತ್ತು ಏರನ್ನು ಹತ್ತುವಾಗ ನಿಧಾನಗತಿಯಲ್ಲಿಯೂ ಕುಗ್ಗದ ಬಲವು ಡೀಸೆಲ್ ಎಂಜಿನಿನದು. ಬಸ್ಸು, ಲಾರಿ, ಟ್ರ್ಯಾಕ್ಟರುಗಳು ಅದನ್ನು ಬಹುಕಾಲದಿಂದ ಬಿಡದಿರುವುದಕ್ಕೆ ಇದೇ ಕಾರಣ.

ಹಣದ ಲೆಕ್ಕಕ್ಕೆ ಸಿಕ್ಕದ ಒಂದು ಬಾಬೂ ಇದೆ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಹೊಸ ಗಾಡಿಗಳಲ್ಲಿ ಶೋಧಕವು ಸರಿಯಾಗಿದ್ದರೆ ಮಸಿಯ ಭಯ ಬಹಳ ಕಡಿಮೆ. ಅದು ಕೆಟ್ಟಾಗ ಕಿತ್ತೊಗೆದು ಓಡಿಸುವುದು ನೆರೆಹೊರೆಯ ಮಕ್ಕಳಿಗೆ ಮಾಡುವ ದ್ರೋಹವೇ ಸರಿ. ಪೆಟ್ರೋಲೂ ನಿರ್ದೋಷಿಯಲ್ಲ. ಲೀಟರೊಂದು ಉರಿದರೆ ಪೆಟ್ರೋಲಿನಿಂದ ಸುಮಾರು 2.3 ಕಿಲೋಗ್ರಾಮ್, ಡೀಸೆಲಿನಿಂದ ಸುಮಾರು 2.7 ಕಿಲೋಗ್ರಾಮ್ ಇಂಗಾಲದ ಡೈಆಕ್ಸೈಡು ಹೊರಡುವುದಾದರೂ, ಒಂದೇ ದೂರಕ್ಕೆ ಹೋಲಿಸಿದಾಗ ಪೆಟ್ರೋಲ್ ಕಾರಿನದೇ ತುಸು ಹೆಚ್ಚಾಗುತ್ತದೆ.

ಆದಕಾರಣ ನಮ್ಮ ಅಭಿಪ್ರಾಯವಿಷ್ಟು: ಊರೊಳಗಿನ ಓಡಾಟವೇ ಹೆಚ್ಚಾಗಿದ್ದು ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರನ್ನು ಮುಟ್ಟದ ಸಂಸಾರಿಗೆ ಪೆಟ್ರೋಲೇ ಲೇಸು, ನಿತ್ಯವೂ ಹೆದ್ದಾರಿ ಹಿಡಿದು ಇಪ್ಪತ್ತು ಸಾವಿರವನ್ನು ದಾಟುವವನಿಗೂ ಭಾರ ಸಾಗಿಸುವವನಿಗೂ ಡೀಸೆಲೇ ಲೇಸು. ನಡುವಿನವರು ತಮ್ಮ ಊರಿನ ಅಂದಿನ ದರವನ್ನು ಹಿಡಿದು ಲೆಕ್ಕ ಹಾಕಬೇಕು. ಅಂಗಡಿಗೆ ಹೋಗುವ ಮೊದಲು, ಒಂದು ತಿಂಗಳ ಕಾಲ ಮನೆಯವರೆಲ್ಲರ ಓಡಾಟವನ್ನು ಕ್ಯಾಲೆಂಡರಿನ ಮೇಲೆ ದಿನದಿನವೂ ಗುರುತು ಹಾಕಿಕೊಳ್ಳಿರಿ. ಹನ್ನೆರಡರಿಂದ ಗುಣಿಸಿದರೆ ಉತ್ತರ ಅರ್ಧ ಸಿಕ್ಕಂತೆಯೇ.

ನಮ್ಮ ಮಿತ್ರರು ಲೆಕ್ಕದ ಕಾಗದವನ್ನು ಗುಬ್ಬಿಗೆ ಒಯ್ದು ತೋರಿಸಿದರಂತೆ. ಅಣ್ಣನವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, "ನನ್ನ ದಾರಿಯನ್ನು ನೋಡಿ ನಿನಗೆ ಹೇಳಿದೆನಪ್ಪ. ನಿನ್ನ ದಾರಿ ಗಿಡ್ಡ, ಪೆಟ್ರೋಲೇ ಇರಲಿ. ಉಳಿದ ದುಡ್ಡನ್ನು ಮಗುವಿನ ಹೆಸರಿಗೆ ಹಾಕು" ಎಂದರೆಂದು ತಿಳಿದು ನಮಗೆ ಸಮಾಧಾನವಾಯಿತು.