ನುಸಿಯ ಕುಲಗೋತ್ರ ಕೇಳಿ ಔಷಧಿ ಹೊಡೆಯಿರಿ

ಹೋದ ಬೇಸಿಗೆಯಲ್ಲಿ ನನ್ನ ಎರಡು ವರ್ಷದ ಅಡಿಕೆ ಸಸಿಗಳ ಸೋಗೆ ಹಳದಿಯಾಗಿ, ಆಮೇಲೆ ಕಂದು ಬಣ್ಣಕ್ಕೆ ತಿರುಗಿತು. ನೀರು ಸಾಲದು ಅಂದ್ರು ಕೆಲವರು, ಗೊಬ್ಬರ ಸಾಲದು ಅಂದ್ರು ಇನ್ನು ಕೆಲವರು. ಅಂಗಡಿಯವರು ಎಲೆ ನೋಡದೆಯೇ ಒಂದು ಕೀಟನಾಶಕ ಕೊಟ್ಟರು. ನಾನೂ ಏನೂ ಕೇಳದೆ ಎರಡು ಸಲ ಹೊಡೆದೆ. ಸೋಗೆ ಹಸಿರಾಗೋದಿರಲಿ, ಹೊಸ ಎಲೆಗೂ ಹಬ್ಬಿತು. ಆಮೇಲೆ ಬುದ್ಧಿ ಬಂದು ಭೂತಗನ್ನಡಿ ಹಿಡಿದು ಎಲೆ ಮಗುಚಿ ನೋಡಿದೆ. ಅಡಿಭಾಗದ ತುಂಬ ಕೆಂಪು ಚುಕ್ಕಿಗಳು!

ನುಸಿ ಕೀಟವೇ ಅಲ್ಲ. ಕೀಟಕ್ಕೆ ಆರು ಕಾಲು, ಬೆಳೆದ ನುಸಿಗೆ ಎಂಟು. ಅದು ಜೇಡ, ಉಣುಗುಗಳ ಬಳಗ. ಕೀಟಕ್ಕೆ ತಾಗೋ ಔಷಧಿಯೆಲ್ಲ ನುಸಿಗೆ ತಾಗಬೇಕು ಅಂತೇನಿಲ್ಲ.

ಅಡಿಕೆಯಲ್ಲಿ ಮುಖ್ಯವಾಗಿ ಎರಡು ನುಸಿ. ಕೆಂಪು ನುಸಿಯದು ರಾವೋಯೆಲ್ಲಾ ಕುಲ, ಚಪ್ಪಟೆ ನುಸಿಗಳ ಕುಟುಂಬ. ನಮ್ಮಲ್ಲಿರೋದು ರಾವೋಯೆಲ್ಲಾ ಇಂಡಿಕಾ. ಕೊಯಮತ್ತೂರಿನ ತೆಂಗಿನ ಗರಿಯಲ್ಲಿ ಸಿಕ್ಕ ಇದನ್ನು 1924ರಲ್ಲಿ ಹರ್ಸ್ಟ್ ಎಂಬ ವಿಜ್ಞಾನಿ ಮೊದಲು ವಿವರಿಸಿದರು. ಮೈ ಕೆಂಪು, ಅಂಡಾಕಾರ, ಉದ್ದ ಸುಮಾರು ಕಾಲು ಮಿಲಿಮೀಟರ್. ಹೆಣ್ಣಿನ ಬೆನ್ನ ಮೇಲೆ ಕಪ್ಪು ಮಚ್ಚೆ. ಬೆನ್ನಿನ ಉದ್ದ ರೋಮಗಳ ತುದಿಯಲ್ಲಿ ಸಣ್ಣ ಹನಿ ನಿಂತಿರುತ್ತೆ. ನಡಿಗೆ ನಿಧಾನ. ಮುಖ್ಯ ಗುರುತು: ಇದು ಬಲೆ ಹೆಣೆಯೋದಿಲ್ಲ.

ಬಿಳಿ ನುಸಿ ಬೇರೆ ಮನೆತನ. ಅದರ ಹೆಸರು ಒಲಿಗೊನೈಕಸ್ ಇಂಡಿಕಸ್, ಜೇಡನುಸಿಗಳ ಕುಟುಂಬ. ಎಲೆಯಡಿ ತೆಳ್ಳನೆ ಬಲೆ ಹೆಣೆದು ಅದರೊಳಗೇ ಸಂಸಾರ ಮಾಡುತ್ತೆ. ಬಲೆ ಇದೆಯೋ ಇಲ್ಲವೋ ಅಂತ ನೋಡಿದರೆ ಅರ್ಧ ಉತ್ತರ ಸಿಕ್ಕ ಹಾಗೆ.

ಮೂರನೆಯವನೂ ಒಬ್ಬನಿದ್ದಾನೆ. ಮಾಸಲು ಬಣ್ಣ, ಹೊಳೆಯೋ ಮೈ, ಕೆಂಪು ನುಸಿಗಳ ನಡುವೆ ಸರಸರ ಓಡಾಡುತ್ತಾನೆ. ಅವನು ನುಸಿಯನ್ನೇ ತಿನ್ನೋ ನುಸಿ, ಆಂಬ್ಲಿಸಿಯಸ್ ಕುಲ. ಅಡಿಕೆ ತೋಟದ ಇಂಥ ಒಂದು ಪ್ರಭೇದಕ್ಕೆ ನಮ್ಮ ನಾಡಿನ ನುಸಿ ವಿಜ್ಞಾನಿ ಚನ್ನಬಸವಣ್ಣ ಅವರ ಹೆಸರೇ ಇದೆ: ಆಂಬ್ಲಿಸಿಯಸ್ ಚನ್ನಬಸವನ್ನಿ. ಜೊತೆಗೆ ಸಾಸಿವೆಗಿಂತ ಸಣ್ಣ ಕರಿ ಗುಲಗಂಜಿ ಹುಳವೂ ಇರುತ್ತೆ, ಅದಕ್ಕೂ ನುಸಿಯೇ ಊಟ. ನಾನು ಹೊಡೆದ ವಿಷ ಕೆಂಪು ನುಸಿಯನ್ನು ಬಿಟ್ಟು ಈ ಕಾವಲುಗಾರರನ್ನೇ ತೆಗೆದಿತ್ತು ಅನ್ನೋದು ನನ್ನ ಲೆಕ್ಕ. ಎಷ್ಟು ಹುಡುಕಿದರೂ ಒಂದೂ ಕಾಣಲಿಲ್ಲ.

"ರೈತನಿಗೆ ಯಾಕೆ ಈ ಕುಲಗೋತ್ರ" ಅಂತ ಕೇಳೋರಿದ್ದಾರೆ. ಹೆಣ್ಣು ಕೊಡುವಾಗ ವಿಚಾರಿಸ್ತೀವಿ, ದನ ಕೊಳ್ಳುವಾಗ ಹಲ್ಲು ನೋಡ್ತೀವಿ. ಸಾವಿರಾರು ರೂಪಾಯಿಯ ವಿಷ ತೋಟಕ್ಕೆ ಸುರಿಯುವಾಗ ಮಾತ್ರ ಏನೂ ನೋಡಲ್ಲ. ಇದು ಅಂಗಡಿಯವರ ತಪ್ಪಷ್ಟೇ ಅಲ್ಲ, ನಮ್ಮದೂ ಹೌದು.

ಈ ಸಲ ಸಸಿಗಳಿಗೆ ನೆರಳು ಕಟ್ಟಿದ್ದೇನೆ. ವಾರಕ್ಕೊಮ್ಮೆ ಹತ್ತು ಗಿಡದ ಸೋಗೆ ಮಗುಚಿ ನೋಡ್ತೇನೆ. ಕೆಂಪು ಕಂಡ ಕಡೆ ಎಲೆಯಡಿಗೆ ಜೋರಾಗಿ ನೀರು ಹಾಯಿಸ್ತೇನೆ. ಅದಕ್ಕೂ ಬಗ್ಗದಿದ್ದರೆ ಮಾತ್ರ ನುಸಿಗೇ ಇರೋ ಔಷಧಿ, ಅದೂ ಎಲೆಯನ್ನು ತಿಳಿದವರಿಗೆ ತೋರಿಸಿದ ಮೇಲೆ. ನಿಮ್ಮ ತೋಟದಲ್ಲೂ ಹಳದಿ ಕಂಡರೆ ಅಂಗಡಿಗೆ ಹೋಗೋ ಮೊದಲು ಒಂದು ಎಲೆ ಮಗುಚಿ ನೋಡಿ. ಭೂತಗನ್ನಡಿ ಇಲ್ಲದಿದ್ದರೆ ನನ್ನದೇ ತಗೊಂಡು ಹೋಗಿ, ವಾಪಸ್ ಕೊಟ್ಟರೆ ಸಾಕು.